ದುರಸ್ತಿ ಸಾಹೇಬನ ಕೆರೆ

ನಳದ ಮಾತು: ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ನಿವೃತ್ತ ನೀರು ಸರಬರಾಜು ಇಂಜಿನಿಯರರ ಉತ್ತರ

ಕಳೆದ ಸಂಚಿಕೆಯಲ್ಲಿ ಮುಂಬೈಯ ವಿಹಾರ್ ಕೆರೆಯ ಹೆಸರನ್ನು ಮಾತಿನ ನಡುವೆ ಒಮ್ಮೆ ಎತ್ತಿದ್ದೆ. ಅಷ್ಟಕ್ಕೇ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆಯ ಬಂದರು ನಗರಗಳ ನೀರಿನ ಬಗ್ಗೆಯೇ ಇವೆ. ಇರಬೇಕಾದದ್ದೇ. ಯಾದಗಿರಿ, ಶಹಾಪುರ, ಚಿತ್ತಾಪುರದ ಕಡೆ ಯಾವ ಹಳ್ಳಿಗೆ ಹೋದರೂ ಮುಂಬೈಗೆ ದುಡಿಯಲು ಹೋಗಿ ಬಂದವರು ಓಣಿಗೊಬ್ಬರಾದರೂ ಸಿಗುತ್ತಾರೆ. ಮುಂಬೈಯಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಾಗಿನಿಂದ ನಮ್ಮವರಿಗೆ ಆ ದಾರಿ ತೆರೆದಿದೆ. ಆದ್ದರಿಂದ ಈ ಸಂಚಿಕೆಯನ್ನು ಪೂರ್ತಿ ಆ ಊರುಗಳಿಗೇ ಬಿಟ್ಟಿದ್ದೇನೆ. ಬೋರು, ಸಂಪು, ನೀರಿನ ಬಿಲ್ಲಿನ ಬಗ್ಗೆ ಕೇಳಿದವರಿಗೆ ಮುಂದಿನ ತಿಂಗಳು ಬರೆಯುತ್ತೇನೆ.

ಪ್ರಶ್ನೆ: ಸಾಹೇಬರಿಗೆ ಶರಣು. ನಮ್ಮ ಮುತ್ಯಾ ಹರೆಯದಲ್ಲಿ ಮುಂಬೈ ಬಂದರಿನಲ್ಲಿ ಹಮಾಲಿ ಮಾಡಿದವರು. "ಸುತ್ತ ಕಣ್ಣು ಹಾಯುವಷ್ಟು ಉಪ್ಪು ನೀರು, ನಳದಲ್ಲಿ ಮಾತ್ರ ತಾನ್ಸಾದ ಸಿಹಿನೀರು" ಎಂದು ಸಾಯುವವರೆಗೂ ಹೇಳುತ್ತಿದ್ದರು. ನಡುನೀರಿನಲ್ಲಿರುವ ಊರಿಗೆ ಅಷ್ಟು ಸಿಹಿನೀರು ಎಲ್ಲಿಂದ ಬಂತು? ಅದನ್ನು ಕಟ್ಟಿದವರು ಯಾರು?
(ಅಂಗನವಾಡಿ ಕಾರ್ಯಕರ್ತೆ, ಶಹಾಪುರ)

ಉತ್ತರ: ತಂಗಿ, ಮುತ್ಯಾ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚಲ್ಲ. ತಾನ್ಸಾ ಕೆರೆ ಇರುವುದು ಮುಂಬೈಯಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ಠಾಣೆ ಜಿಲ್ಲೆಯ ಕಾಡುಗುಡ್ಡಗಳ ನಡುವೆ. ಅಲ್ಲಿಯವರೆಗೆ ಕೈ ಚಾಚುವ ಮೊದಲು ಆ ಊರು ಪಟ್ಟ ಪಾಡನ್ನು ಸ್ವಲ್ಪ ಕೇಳಿ.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಮುಂಬೈ ಬದುಕಿದ್ದು ಬಾವಿ ಮತ್ತು ಕೆರೆಗಳ ಮೇಲೆ. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಂದು ಇಂದು ಜನ ಬಡಾವಣೆಗಳ ಹೆಸರು ಹೇಳುತ್ತಾರಲ್ಲ, ಅವೆಲ್ಲ ಒಂದು ಕಾಲಕ್ಕೆ ನಿಜವಾದ ನೀರು ನಿಂತಿದ್ದ ಕೆರೆಗಳು. ಕೆರೆ ಮುಚ್ಚಿಹೋಯಿತು, ಹೆಸರು ಉಳಿಯಿತು. ಮನೆಮನೆಗೆ ನೀರು ಹೊತ್ತವರು ತೊಗಲಿನ ಚೀಲ ಹೆಗಲಿಗೇರಿಸಿದ ಭಿಸ್ತಿಗಳು. ನಮ್ಮ ಕಲಬುರಗಿಯ ಹಳೆಯ ಮೊಹಲ್ಲಾಗಳ ಹಿರಿಯರಿಗೂ ಈ ಹೆಸರು ಗೊತ್ತು.

1854ರಲ್ಲಿ ಮಳೆ ಕೈಕೊಟ್ಟಿತು. ಊರಿನ ದನಗಳು ಕುಡಿಯುವ ನೀರಾದರೂ ಉಳಿಯಲಿ ಎಂದು ಅವುಗಳನ್ನು ಉತ್ತರದ ಮಾಹಿಮ್ ಕಡೆಗೆ ಅಟ್ಟಲಾಯಿತು. ಹೊರಗಿನಿಂದ ದೋಣಿಯಲ್ಲಿ, ರೈಲಿನಲ್ಲಿ ನೀರು ತಂದು ಬಾವಿಗಳಿಗೆ ಸುರಿದರು. ಬೋರಿ ಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರಲ್ಲಿ. ಹೊಸ ರೈಲು ಮರುವರ್ಷವೇ ನೀರು ಹೊರುವ ಗಾಡಿಯಾಯಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ನಮಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ಮುಂದೆ ಬಂದ ಇಂಜಿನಿಯರ್ ಹೆನ್ರಿ ಕಾನಿಬೇರ್. ಊರಿನ ಉತ್ತರಕ್ಕೆ, ಸಾಲ್ಸೆಟ್ ದ್ವೀಪದಲ್ಲಿ ಮಿಠಿ ನದಿ ಹುಟ್ಟುವ ಕಣಿವೆಗೆ ಅಡ್ಡಗಟ್ಟೆ ಹಾಕಬೇಕೆಂದು ಯೋಜನೆ ಕೊಟ್ಟವನು ಅವನೇ. 1856ರಲ್ಲಿ ಕೆಲಸ ಶುರುವಾಯಿತು. ಮೂರು ಮಣ್ಣಿನ ಒಡ್ಡುಗಳ ಹಿಂದೆ ವಿಹಾರ್ ಕೆರೆ ತುಂಬಿ, 1860ರಲ್ಲಿ ಬೀಡುಕಬ್ಬಿಣದ ಕೊಳವೆಯಲ್ಲಿ ನೀರು ಊರಿಗೆ ಇಳಿಯಿತು. ಇಳಿಯಿತು ಎಂದು ಬೇಕೆಂದೇ ಬರೆದೆ. ಕೆರೆ ಎತ್ತರದಲ್ಲಿತ್ತು, ಊರು ತಗ್ಗಿನಲ್ಲಿತ್ತು, ಪಂಪಿನ ಹಂಗಿರಲಿಲ್ಲ. ಭೀಮೆಯಿಂದ ಕಲಬುರಗಿಗೆ ನೀರೆತ್ತಲು ಪ್ರತಿ ತಿಂಗಳು ಕರೆಂಟಿನ ಬಿಲ್ಲು ನೋಡಿದವನು ನಾನು. ಆ ಇಳಿಜಾರಿನ ಬೆಲೆ ನನಗೆ ಗೊತ್ತು.

ಕಾನಿಬೇರನ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತ ಸಂಗತಿ ಬೇರೆಯೇ ಇದೆ. ಅವನು ಕೊಲಾಬಾದ ಅಫ್ಘನ್ ಚರ್ಚಿನ ವಿನ್ಯಾಸವನ್ನೂ ಮಾಡಿದವನು, ದೊಡ್ಡ ಕೈಯ ಮನುಷ್ಯ. ಆದರೆ ಮುಂಬೈಯಲ್ಲಿ ಅವನ ಹುದ್ದೆಯ ಹೆಸರು ಸೂಪರಿಂಟೆಂಡೆಂಟ್ ಆಫ್ ರಿಪೇರ್ಸ್. ದುರಸ್ತಿ ಸಾಹೇಬ! ಊರಿನ ರಸ್ತೆ, ಚರಂಡಿ, ಮೋರಿಗಳನ್ನು ದಿನಾಲೂ ರಿಪೇರಿ ಮಾಡಿಸುತ್ತಿದ್ದವನಿಗೇ ಊರಿಗೆ ಎಷ್ಟು ನೀರು ಬೇಕು, ಎಲ್ಲಿ ಕೊರತೆ, ಯಾವ ಓಣಿ ಎತ್ತರ, ಯಾವುದು ತಗ್ಗು ಎಂಬುದು ತಿಳಿದಿತ್ತು. ರಿಪೇರಿ ಮಾಡಿದ ಕೈಯೇ ಯೋಜನೆ ಬರೆಯಿತು. ಈಗ ಯೋಜನೆ ಬರೆಯುವವರು ಒಂದು ಊರಿನಲ್ಲಿ, ರಿಪೇರಿ ಮಾಡುವವರು ಇನ್ನೊಂದು ಊರಿನಲ್ಲಿ. ಇದು ನನಗೆ ಸರಿ ಕಾಣುವುದಿಲ್ಲ.

ವಿಹಾರ್ ಮೊದಲಿಗೆ ಕೊಟ್ಟದ್ದು ದಿನಕ್ಕೆ 3 ಕೋಟಿ 20 ಲಕ್ಷ ಲೀಟರು. 1864ರ ಜನಗಣತಿಯಲ್ಲಿ ಮುಂಬೈಯ ಜನ 8 ಲಕ್ಷ 16 ಸಾವಿರ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ, ಊರು ಜನರಿಂದ ಉಕ್ಕುತ್ತಿದ್ದ ಕಾಲ ಅದು. ಭಾಗಿಸಿ ನೋಡಿ: ತಲೆಗೆ ಸುಮಾರು 39 ಲೀಟರು, ಎಂದರೆ ಮೂರು ಕೊಡವೂ ತುಂಬುವುದಿಲ್ಲ. ಒಳಚರಂಡಿ ಇರುವ ನಗರದಲ್ಲಿ ತಲೆಗೆ 135 ಲೀಟರು ಬೇಕೆಂಬುದು ಈಗಿನ ಲೆಕ್ಕ. ಕೆರೆ ತುಂಬಿದ ನಾಲ್ಕೇ ವರ್ಷಕ್ಕೆ ಅದು ಸಣ್ಣದಾಗಿತ್ತು. 1879ರಲ್ಲಿ ತುಳಸಿ ಕೆರೆ ಬಂತು. ಆಮೇಲೆ ಪವಾಯಿ. 1892ರಲ್ಲಿ ಮುತ್ಯಾನ ತಾನ್ಸಾ, ಸುಮಾರು 2.8 ಕಿಲೋಮೀಟರು ಉದ್ದದ ಕಲ್ಲಿನ ಅಣೆಕಟ್ಟು. ಅಲ್ಲಿಂದ ಬರುವ ನೀರನ್ನು 1915, 1925, 1948ರಲ್ಲಿ ಹಂತ ಹಂತವಾಗಿ ಹೆಚ್ಚಿಸಿದರು.

ನೀವು ಮುಂಬೈಗೆ ಹೋದರೆ ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ ನೋಡಿ ಬನ್ನಿ. ನಾನು ಹೋದಾಗ ಮಕ್ಕಳು ಹುಲ್ಲಿನ ಮೇಲೆ ಓಡಾಡುತ್ತಿದ್ದರು. ಆ ಹುಲ್ಲಿನ ಕೆಳಗೆ ಇರುವುದು 1880ರ ದಶಕದಿಂದ ದಕ್ಷಿಣ ಮುಂಬೈಗೆ ನೀರು ಕೊಡುತ್ತಿರುವ ಟಾಕಿ. ಇತ್ತೀಚೆಗೆ ಅದನ್ನು ಕೆಡವಿ ಹೊಸದು ಕಟ್ಟುವ ಪ್ರಸ್ತಾಪ ಬಂದಾಗ ಅಲ್ಲಿಯ ನಿವಾಸಿಗಳು ವಿರೋಧಿಸಿದರು. ದುರಸ್ತಿಯಿಂದಲೇ ಉಳಿಸಿಕೊಳ್ಳಬಹುದೇ ಎಂದು ಪರಿಣತರು ಒಳಗಿಳಿದು ಗೋಡೆ, ಕಂಬಗಳನ್ನು ಪರೀಕ್ಷಿಸಿದರು. ಒಂದು ನೀರಿನ ಟಾಕಿಗಾಗಿ ಜನ ಬೀದಿಗೆ ಬಂದದ್ದನ್ನು ಪತ್ರಿಕೆಯಲ್ಲಿ ಓದಿ ನನ್ನ ಕಣ್ಣು ತೇವವಾಯಿತು.

ಪ್ರಶ್ನೆ: ಅಲ್ಲಿ ನೂರು ವರ್ಷದ ಪೈಪುಗಳು ಇನ್ನೂ ನೆಲದಲ್ಲಿವೆಯಂತೆ. ನಮ್ಮ ಓಣಿಯಲ್ಲಿ ಹನ್ನೆರಡು ವರ್ಷದ ಹಿಂದೆ ಹಾಕಿದ ಪೈಪು ಪ್ರತಿ ಬೇಸಿಗೆಯಲ್ಲಿ ಒಡೆಯುತ್ತದೆ. ಇಂಗ್ಲಿಷರ ಕಬ್ಬಿಣದಲ್ಲಿ ಅಂಥದ್ದೇನಿತ್ತು?
(ನಿವೃತ್ತ ಗುಮಾಸ್ತರು, ಬ್ರಹ್ಮಪುರ, ಕಲಬುರಗಿ)

ಉತ್ತರ: ಕಬ್ಬಿಣ ದಪ್ಪವಾಗಿತ್ತು, ಅದು ಒಂದು. ಬೀಡುಕಬ್ಬಿಣದ ಕೊಳವೆಯನ್ನು ಕಾಸಿ, ಕಲ್ಲಿದ್ದಲ ಡಾಂಬರಿನಲ್ಲಿ ಅದ್ದಿ ತೆಗೆಯುತ್ತಿದ್ದರು, ಒಳಗೂ ಹೊರಗೂ ತುಕ್ಕು ಹತ್ತದಿರಲಿ ಎಂದು. ಅದು ಎರಡನೆಯದು. ಆದರೆ ಅಣ್ಣಾವರೇ, ಪೈಪು ಮೈಯಲ್ಲಿ ಒಡೆಯುವುದು ಕಡಿಮೆ, ಸಂದಿಯಲ್ಲಿ ಬಿಡುವುದೇ ಹೆಚ್ಚು. ಆ ಸಂದಿಯನ್ನು ಅವರ ಕಾಲದಲ್ಲಿ ಹೇಗೆ ಕೂಡಿಸುತ್ತಿದ್ದರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕೈಯಾರೆ ಮಾಡಿದ್ದೇನೆ. ಅದನ್ನೇ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು 1983ರಲ್ಲಿ. ನಮ್ಮ ಗ್ಯಾಂಗಿನಲ್ಲಿ ಸೀಸ ಹೊಯ್ಯುವುದನ್ನು ಬಲ್ಲ ಒಬ್ಬರೇ ಹಿರಿಯ ಮೇಸ್ತ್ರಿ ಇದ್ದರು. ಒಂದು ಕೊಳವೆಯ ಅಗಲ ಬಾಯಿಯೊಳಗೆ ಇನ್ನೊಂದರ ತುದಿಯನ್ನು ಕೂರಿಸಿ, ನಡುವಿನ ಸಂದಿಗೆ ಸಣಬಿನ ಹುರಿಯನ್ನು ಸುತ್ತಿ ಸುತ್ತಿ ಮೊಂಡು ಉಳಿಯಿಂದ ಬಡಿದು ತುಂಬುತ್ತಿದ್ದರು. ಹೊರಗೆ ಎರಡು ಬೆರಳಷ್ಟು ಜಾಗ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಹಸಿ ಜೇಡಿಮಣ್ಣು ಮೆತ್ತಿ, ಆ ಸಂದಿಯ ಬಾಯಿಗೆ ಹಾವಿನಂತೆ ಸುತ್ತಿ, ಮೇಲ್ಗಡೆ ಮಾತ್ರ ಒಂದು ಕಿಂಡಿ ಬಿಡುತ್ತಿದ್ದರು. ಒಲೆಯ ಮೇಲಿನ ಕಬ್ಬಿಣದ ಪಾತ್ರೆಯಲ್ಲಿ ಸೀಸ ಕರಗುತ್ತಿರುತ್ತಿತ್ತು. ಮೇಲೆ ಕಟ್ಟಿದ ಕಿಟ್ಟವನ್ನು ಸೌಟಿನಿಂದ ಸರಿಸಿ, ಒಂದು ಒಣ ಕಡ್ಡಿ ಅದ್ದಿ ನೋಡುತ್ತಿದ್ದರು. ಕಡ್ಡಿ ಕಂದಾದರೆ ಹದ.

ಹೊಯ್ಯುವಾಗ ಒಂದೇ ಗುಟುಕು. ನಡುವೆ ನಿಲ್ಲಿಸಿದರೆ ಮೊದಲು ಹೊಯ್ದದ್ದು ಗಟ್ಟಿಯಾಗಿ, ಆಮೇಲಿನದು ಅದಕ್ಕೆ ಬೆಸೆಯುವುದಿಲ್ಲ. ಸಂದಿಯಲ್ಲಿ ಒಂದು ಹನಿ ನೀರಿದ್ದರೂ ಅದು ಆವಿಯಾಗಿ, ಕರಗಿದ ಸೀಸವನ್ನು ಮುಖಕ್ಕೆ ಎರಚುತ್ತದೆ. ಮೇಸ್ತ್ರಿಯ ಎಡಗೆನ್ನೆಯ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಮೂರು ಕಲೆಗಳಿದ್ದವು. ಸೀಸ ಆರುವಾಗ ಕುಗ್ಗುತ್ತದೆ. ಆದ್ದರಿಂದ ಹೊಯ್ದರೆ ಕೆಲಸ ಮುಗಿಯಲಿಲ್ಲ. ಆರಿದ ಮೇಲೆ ತೆಳುವಿನಿಂದ ದಪ್ಪದವರೆಗೆ ನಾಲ್ಕು ಉಳಿಗಳನ್ನು ಒಂದಾದ ಮೇಲೊಂದು ಹಿಡಿದು, ಸುತ್ತಲೂ ಬಡಿದು ಮತ್ತೆ ಬಿಗಿ ಮಾಡಬೇಕು. ಒಂದು ಸಂದಿಗೆ ಅರ್ಧ ದಿನ ಹೋಗುತ್ತಿತ್ತು. ನನಗೆ ಅವಸರ. "ಸಾಹೇಬರೇ, ಇದು ನೀವು ರಿಟೈರಾದ ಮೇಲೂ ಇರಬೇಕು" ಎಂದು ಅವರು ಉಳಿಯಿಂದ ಕಣ್ಣು ತೆಗೆಯದೇ ಹೇಳುತ್ತಿದ್ದರು. ನಾನು ನಿವೃತ್ತನಾಗಿ ಎಂಟು ವರ್ಷ ಕಳೆಯಿತು. ಆ ಸಂದಿಗಳಲ್ಲಿ ಒಂದು ನನ್ನ ಮನೆಯ ದಾರಿಯಲ್ಲೇ ಇದೆ. ಅದರ ಮೇಲಿನ ನೆಲ ಇಂದಿಗೂ ಒಣಗಿದೆ.

ಸೀಸದ ಹೊಗೆ ಆ ಮನುಷ್ಯರ ಮೈಗೆ ಏನು ಮಾಡಿತು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಈಗ ರಬ್ಬರ್ ಬಳೆಯ ಜೋಡಣೆ ಬಂದಿರುವುದು ಒಳ್ಳೆಯದೇ ಆಗಿದೆ. ಆ ಬಳೆ ಕೂರುವ ಜಾಗದಲ್ಲಿ ಮರಳು ಕಣವಿಲ್ಲದಂತೆ ಒರೆಸಿದರೆ ಅದೂ ಬಾಳುತ್ತದೆ. ಒರೆಸುವುದಿಲ್ಲ, ಅದೇ ನಮ್ಮ ತೊಂದರೆ.

ಇನ್ನೊಂದು ದೊಡ್ಡ ಕಾರಣವಿದೆ. ನಿಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಬಿಟ್ಟಾಗ ಖಾಲಿ ಪೈಪಿನೊಳಗಿನ ಗಾಳಿಯನ್ನು ನೀರು ತಳ್ಳಿಕೊಂಡು ನುಗ್ಗುತ್ತದೆ, ಪ್ರತಿ ತಿರುವಿನಲ್ಲೂ ಸುತ್ತಿಗೆಯಂತೆ ಹೊಡೆಯುತ್ತದೆ. ನಿಲ್ಲಿಸಿದಾಗ ಪೈಪು ಒಳಗೆ ಹೀರತೊಡಗುತ್ತದೆ. ಪಕ್ಕದಲ್ಲಿ ಚರಂಡಿ ಇದ್ದರೆ, ಸಂದಿ ಸಡಿಲವಿದ್ದರೆ, ಆ ಹೊಲಸು ಒಳಗೆ ಬರುತ್ತದೆ. ಸದಾ ನೀರು ತುಂಬಿ ಒತ್ತಡದಲ್ಲಿರುವ ಪೈಪಿಗೆ ಇವೆರಡೂ ಕಾಟವಿಲ್ಲ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆ ಕಲಬುರಗಿಯ ಕೆಲವು ವಾರ್ಡುಗಳಲ್ಲಿಯೂ ಇಪ್ಪತ್ನಾಲ್ಕು ಗಂಟೆ ನೀರು ಕೊಡುವುದನ್ನು ಮಾಡಿ ತೋರಿಸಲಾಯಿತು. ಅಲ್ಲಿಯವರು ಕೊಡ ತುಂಬಿಟ್ಟುಕೊಳ್ಳುವುದನ್ನು ಬಿಟ್ಟದ್ದನ್ನು ನಾನು ಮನೆಮನೆಗೆ ಹೋಗಿ ನೋಡಿದ್ದೇನೆ. ನಮ್ಮ ಊರಿನಲ್ಲಿ ಇದು ಆಗದ ಮಾತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪ್ರಶ್ನೆ: ಬೀದರಿನ ನೌಬಾದಿನ ಕರೇಜ್ ನೋಡಲು ಮಕ್ಕಳನ್ನು ಕರೆದೊಯ್ದಿದ್ದೆ. ನಾವಿದನ್ನು ಸುರಂಗ ಬಾವಿ ಎನ್ನುತ್ತೇವೆ. "ಇಷ್ಟು ಒಳ್ಳೆಯ ಬಾವಿ, ಸುರಂಗ ಇರುವಾಗ ಇಂಗ್ಲಿಷರ ನಳ ಬಂದರೆ ಜನ ಬೇಡ ಎನ್ನಲಿಲ್ಲವೇ ಟೀಚರ್?" ಎಂದು ಏಳನೆಯ ತರಗತಿಯ ಹುಡುಗಿ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.
(ಶಾಲಾ ಶಿಕ್ಷಕಿ, ಬೀದರ)

ಉತ್ತರ: ಆ ಹುಡುಗಿಗೆ ನನ್ನ ನಮಸ್ಕಾರ ಹೇಳಿ. ಬೇಡ ಎಂದರು ಟೀಚರ್, ಹಲವರು ಬೇಡ ಎಂದರು.

ಕಲ್ಕತ್ತೆಯಲ್ಲಿ 1870ರಲ್ಲಿ ನಳದ ನೀರು ಬಂತು. ಊರಿನ ಹತ್ತಿರ ಹೂಗ್ಲಿ ನದಿಯಲ್ಲಿ ಸಮುದ್ರದ ಭರತ ಏರಿ ಬರುತ್ತದೆ. ಅದಕ್ಕೇ ಸುಮಾರು 25 ಕಿಲೋಮೀಟರು ಮೇಲೆ, ಪಲ್ತಾ ಎಂಬಲ್ಲಿ ನೀರೆತ್ತಿ, ತಿಳಿಯಾಗಿಸಿ, ಮರಳಿನಲ್ಲಿ ಸೋಸಿ ಕಳಿಸಿದರು. ಆದರೆ ಮಡಿವಂತರಿಗೆ ಅನುಮಾನ. ನಳದ ಒಳಗೆ ನೀರು ಸೋರದಂತೆ ಕೂರಿಸಿದ ಬಿಲ್ಲೆ ತೊಗಲಿನದು. ತೊಗಲು ಮುಟ್ಟಿದ ನೀರು ಕುಡಿಯಬಹುದೇ, ಪೂಜೆಗೆ ಬಳಸಬಹುದೇ ಎಂದು ಚರ್ಚೆ ನಡೆಯಿತು. ಕೊನೆಗೆ ನಳ ಗೆದ್ದಿತು. ಕಾಲರಾದ ಹೆದರಿಕೆ ಸಣ್ಣದಾಗಿರಲಿಲ್ಲ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಯ ಒಂದು ಕೊಳದ ನೀರಿನಲ್ಲಿಯೇ ಕಾಲರಾದ ಸೂಕ್ಷ್ಮಾಣುವನ್ನು ತೋರಿಸಿಕೊಟ್ಟರು. ಜನ ಕುಡಿಯುತ್ತಿದ್ದದ್ದೂ ಅಂಥ ಕೊಳಗಳನ್ನೇ.

ಕಲ್ಕತ್ತೆಯ ಆಡಳಿತ ಒಂದು ಕೆಲಸ ಮಾಡಿತು, ಅದನ್ನು ನಾನು ಮೆಚ್ಚುವುದಿಲ್ಲ. ಕುಡಿಯಲು ಸೋಸಿದ ನೀರಿನ ಪೈಪು, ಬೀದಿ ತೊಳೆಯಲು, ಬೆಂಕಿ ಆರಿಸಲು ಹೂಗ್ಲಿಯ ಹಸಿ ನೀರಿನ ಇನ್ನೊಂದು ಪೈಪು, ಹೀಗೆ ಎರಡು ಜಾಲ ಹಾಕಿತು. ಕಾಗದದ ಮೇಲೆ ಒಳ್ಳೆಯ ಮಿತವ್ಯಯ. ಆದರೆ ಮನೆಗೆ ನಳವಿಲ್ಲದ ಬಡವರ ಬಸ್ತಿಯಲ್ಲಿ ಜನ ಸ್ನಾನಕ್ಕೆ, ಪಾತ್ರೆಗೆ ಹತ್ತಿರವಿದ್ದ ಹಸಿ ನೀರನ್ನೇ ಬಳಸಿದರು. ಎರಡು ನೀರು ಇರುವ ಊರಿನಲ್ಲಿ ಕೆಟ್ಟ ನೀರು ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಊಹಿಸಲು ಇಂಜಿನಿಯರಿಂಗ್ ಓದಬೇಕಾಗಿಲ್ಲ.

ಮುಂಬೈಯಲ್ಲಿ ಜಗಳ ಬಾವಿಗಳದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮಲೇರಿಯಾ ತನಿಖೆ ಮಾಡಿದ ವೈದ್ಯ ಬೆಂಟ್ಲಿ, ಸೊಳ್ಳೆ ಹುಟ್ಟುವುದು ಮನೆಯಂಗಳದ ಬಾವಿಗಳಲ್ಲಿ ಮತ್ತು ಟಾಕಿಗಳಲ್ಲಿ ಎಂದು ವರದಿ ಕೊಟ್ಟರು. ಬಾವಿ ಮುಚ್ಚಿ ಎಂಬ ನೋಟೀಸು ಬಂತು. ಬಾವಿಯನ್ನು ಪೂಜಿಸುವ ಪಾರ್ಸಿಗಳು, ಹಿಂದೂಗಳು ಸುಮ್ಮನಿರುತ್ತಾರೆಯೇ? ಕೊನೆಗೆ ಎಷ್ಟೋ ಬಾವಿಗಳ ಬಾಯಿಗೆ ತಂತಿ ಬಲೆ ಹೊದಿಸಿ, ನೀರು ಸೇದಲು ಮುಚ್ಚಳದ ಸಣ್ಣ ಬಾಗಿಲು ಇಡುವ ಒಪ್ಪಂದವಾಯಿತು. 1725ರಲ್ಲಿ ತೋಡಿಸಿದ ಭೀಖಾ ಬೆಹ್ರಾಮ್ ಬಾವಿ ಇಂದಿಗೂ ಚರ್ಚ್‌ಗೇಟಿನ ಹತ್ತಿರ ಸಿಹಿನೀರು ಹಿಡಿದು ನಿಂತಿದೆ. ವೈದ್ಯ ಹೇಳಿದ್ದೂ ಸರಿ, ಬಾವಿ ಉಳಿಸಿಕೊಂಡವರೂ ಸರಿ. ಬಲೆ ಹೊದಿಸಿ ಎರಡನ್ನೂ ಕಾಯ್ದ ಬಡಗಿಯ ಬುದ್ಧಿ ನನಗೆ ಇಷ್ಟ.

ನಿಮ್ಮ ನೌಬಾದಿನ ಸುರಂಗವನ್ನು ನೋಡುವಾಗ ಮಕ್ಕಳಿಗೆ ನೆಲದ ಮೇಲಿನ ಬಾಯಿಗಳನ್ನು ಎಣಿಸಲು ಹೇಳಿ, ಇಪ್ಪತ್ತೊಂದು ಇವೆ. ಮೂರು ಕಿಲೋಮೀಟರಿಗೂ ಮೀರಿದ ಸುರಂಗಕ್ಕೆ ಅಷ್ಟು ಬಾಯಿ ಯಾಕೆ? ಗಾಳಿ, ಬೆಳಕು, ನೀರು ಸೇದುವುದು ಸರಿಯೇ. ಅದಕ್ಕಿಂತ ದೊಡ್ಡ ಕಾರಣ, ಇಳಿದು ಹೂಳೆತ್ತಬೇಕು. ಬಹಮನಿ ಸುಲ್ತಾನರ ಕಾಲದ ಕಟ್ಟುವವರು ಸುರಂಗ ಕೊರೆಯುವಾಗಲೇ ಮುಂದೆ ಅದನ್ನು ತೊಳೆಯುವವನ ಏಣಿಗೆ ಜಾಗ ಬಿಟ್ಟರು. ಕಲ್ಕತ್ತೆಯಲ್ಲಿ 1909ರಿಂದ 1911ರ ಹೊತ್ತಿಗೆ ಕಟ್ಟಿದ ಟಾಲಾ ಟಾಕಿಯೂ ಹಾಗೆಯೇ. 90 ಲಕ್ಷ ಗ್ಯಾಲನ್ ಹಿಡಿಯುವ ಆ ಉಕ್ಕಿನ ಟಾಕಿಯನ್ನು ಒಳಗೆ ನಾಲ್ಕು ಕೋಣೆಯಾಗಿ ವಿಂಗಡಿಸಿದ್ದಾರೆ. ಒಂದನ್ನು ಖಾಲಿ ಮಾಡಿ ತೊಳೆಯುವಾಗ ಉಳಿದ ಮೂರು ಊರಿಗೆ ನೀರು ಕೊಡುತ್ತಿರುತ್ತವೆ. ಹಳೆಯ ಟಾಕಿ, ಹಳೆಯ ಸುರಂಗ ನೋಡಲು ಹೋದಾಗ "ಇದನ್ನು ಯಾರು ಕಟ್ಟಿದರು" ಎಂದು ಕೇಳುವ ಮಕ್ಕಳಿಗೆ "ಇದನ್ನು ಹೇಗೆ ತೊಳೆಯುತ್ತಿದ್ದರು" ಎಂದೂ ಕೇಳಲು ಕಲಿಸಿ.

ಪ್ರಶ್ನೆ: ಮರಳಿನಲ್ಲಿ ಸೋಸಿದರೆ ರೋಗ ಹೇಗೆ ಹೋಗುತ್ತದೆ? ಮರಳು ಕಸ ತಡೆಯಬಹುದು, ಕಣ್ಣಿಗೆ ಕಾಣದ ಕ್ರಿಮಿಯನ್ನು ತಡೆಯುತ್ತದೆಯೇ?
(ಕಿರಾಣಿ ವ್ಯಾಪಾರಿ, ಸೇಡಂ)

ಉತ್ತರ: ಬರಿಯ ಮರಳು ತಡೆಯುವುದಿಲ್ಲ, ನಿಮ್ಮ ಅನುಮಾನ ಸರಿ. ನಿಧಾನವಾಗಿ ನೀರು ಹಾಯಿಸಿದರೆ ಕೆಲವು ದಿನಗಳಲ್ಲಿ ಮರಳಿನ ಮೇಲೆ ಲೋಳೆಯಂಥ ತೆಳು ಪದರ ಕಟ್ಟುತ್ತದೆ. ಅದರಲ್ಲಿ ಸೂಕ್ಷ್ಮಜೀವಿಗಳೇ ವಾಸಿಸುತ್ತವೆ. ರೋಗದ ಕ್ರಿಮಿಗಳನ್ನು ಹಿಡಿಯುವುದು, ತಿನ್ನುವುದು ಮುಖ್ಯವಾಗಿ ಆ ಪದರ. ಅದು ದಪ್ಪವಾಗುತ್ತ ನೀರು ಇಳಿಯದಾದಾಗ ತೊಟ್ಟಿ ಬರಿದು ಮಾಡಿ, ಮೇಲಿನ ಒಂದೆರಡು ಸೆಂಟಿಮೀಟರು ಮರಳನ್ನು ಅಗಲ ಸಲಿಕೆಯಿಂದ ಕೆರೆದು ತೆಗೆಯಬೇಕು. ಆಳಕ್ಕೆ ಕೆರೆದರೆ ಮರಳು ನಷ್ಟ, ಮೇಲೆ ಮೇಲೆ ಕೆರೆದರೆ ನೀರು ಇಳಿಯದು. ಅಂಗಳ ಸಾರಿಸುವವರ ಕೈಹದ ಬೇಕು.

ಮದ್ರಾಸಿನಲ್ಲಿ 1872ರಿಂದ ರೆಡ್ ಹಿಲ್ಸ್ ಕೆರೆಯ ನೀರು ಊರಿಗೆ ಬರುತ್ತಿತ್ತು, ಆದರೆ ತೆರೆದ ಕಾಲುವೆಯಲ್ಲಿ, ಸೋಸದೆ. 1914ರಲ್ಲಿ ಕಿಲ್ಪಾಕಿನಲ್ಲಿ ಇಂಥ ಮರಳು ತೊಟ್ಟಿಗಳು ಸಿದ್ಧವಾದವು. ನಡುವೆ ನಲವತ್ತೆರಡು ವರ್ಷ! ಕೆರೆ ತಂದವರು ಸೋಸುವುದನ್ನು ಆಮೇಲೆ ನೋಡೋಣ ಎಂದರು. ಆ ಆಮೇಲೆ ಎಂಬ ಮಾತಿನ ಉದ್ದ ಅದು.

ಪ್ರಶ್ನೆ: ಸರ್, ನಾನು ಐಟಿಐ ಮುಗಿಸಿದ್ದೇನೆ. ನಮ್ಮ ಊರಿನ ನೀರು ಸರಬರಾಜಿನಲ್ಲಿ ಗುತ್ತಿಗೆಯ ಮೇಲೆ ವಾಲ್ವ್‌ಮನ್ ಕೆಲಸ ಸಿಕ್ಕಿದೆ. ಗೆಳೆಯರು "ನಳ ತಿರುಗಿಸುವ ಕೆಲಸಕ್ಕೆ ಐಟಿಐ ಯಾಕೆ ಬೇಕಿತ್ತು" ಎನ್ನುತ್ತಾರೆ. ಸೇರಲೇ? ಸೇರಿದರೆ ಏನು ಕಲಿಯಬೇಕು?
(ಯುವಕ, ಯಾದಗಿರಿ ತಾಲ್ಲೂಕು)

ಉತ್ತರ: ಸೇರಿ ತಮ್ಮಾ. ಸಂಬಳ ಕಡಿಮೆ, ಗುತ್ತಿಗೆಯ ಬದುಕು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಈ ಕೆಲಸದವರನ್ನು ಕಾಯಂ ಮಾಡಬೇಕೆಂದು ನಾನು ನೌಕರಿಯಲ್ಲಿದ್ದಾಗ ಬರೆದಿದ್ದೇನೆ, ಈಗಲೂ ಬರೆಯುತ್ತಿದ್ದೇನೆ. ಆದರೆ ನಿನ್ನ ಗೆಳೆಯರ ಮಾತು ತಪ್ಪು. ಮುಂಬೈಯಲ್ಲಿ ನಿನ್ನ ಕೆಲಸದವನನ್ನು ಚಾವಿವಾಲಾ ಎನ್ನುತ್ತಾರೆ. ಉದ್ದ ಹಿಡಿಯ ಚಾವಿ ಹಿಡಿದು ಓಣಿ ಓಣಿ ತಿರುಗಿ ಅವನು ವಾಲ್ವ್ ತೆರೆದರೆ ನೀರು, ಮುಚ್ಚಿದರೆ ಇಲ್ಲ. ತಾನ್ಸಾದಿಂದ ನೂರು ಕಿಲೋಮೀಟರು ಬಂದ ನೀರು ಕೊನೆಗೆ ಅವನ ಎರಡು ಕೈಗೆ ಬಂದು ನಿಲ್ಲುತ್ತದೆ.

ಮೊದಲು ಚಾವಿಯ ಸುತ್ತು ಎಣಿಸಲು ಕಲಿ. ಪ್ರತಿ ವಾಲ್ವಿಗೂ ಪೂರ್ತಿ ಮುಚ್ಚಲು ಎಷ್ಟು ಸುತ್ತು ಎಂಬುದನ್ನು ಬರೆದಿಟ್ಟುಕೋ. ಮೊದಲ ಸುತ್ತುಗಳಲ್ಲಿ ನೀರು ಹೆಚ್ಚು ಕಡಿಮೆಯಾಗುವುದಿಲ್ಲ, ಕೊನೆಯ ಕೆಲವು ಸುತ್ತುಗಳಲ್ಲಿ ಒಮ್ಮೆಲೇ ನಿಲ್ಲುತ್ತದೆ. ಅಲ್ಲಿ ಅವಸರ ಮಾಡಿದರೆ ಓಡುತ್ತಿದ್ದ ನೀರು ಹಿಂದಕ್ಕೆ ಗುದ್ದಿ ಎಲ್ಲೋ ದೂರದ ಸಂದಿಯನ್ನು ಬಿಚ್ಚುತ್ತದೆ. ಬಳಸದ ವಾಲ್ವುಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ತಿರುಗಿಸಿ ಬಿಡು. ತಿರುಗಿಸದ ವಾಲ್ವ್ ಬೇಕಾದ ದಿನ ತಿರುಗುವುದಿಲ್ಲ.

ಎರಡನೆಯದು, ಕಿವಿ. ರಾತ್ರಿ ಊರು ಮಲಗಿದ ಮೇಲೆ ಕಬ್ಬಿಣದ ಸರಳಿನ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚು. ಎಲ್ಲ ನಳ ಮುಚ್ಚಿರುವ ಹೊತ್ತಿನಲ್ಲಿಯೂ ಸುಸ್ಸೆಂಬ ದನಿ ಕೇಳಿದರೆ ಅದು ಸೋರಿಕೆ. 1873ರ ಸುಮಾರಿಗೆ ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನ ನೀರು ಸರಬರಾಜು ಇಂಜಿನಿಯರ್ ಡೀಕನ್, ರಾತ್ರಿ ಹರಿಯುವ ನೀರನ್ನು ತಾನೇ ಕಾಗದದ ಮೇಲೆ ಗೆರೆ ಎಳೆದು ತೋರಿಸುವ ಮೀಟರು ಮಾಡಿದರು. ಈಗ ಇನ್ನೂ ಒಳ್ಳೆಯ ಯಂತ್ರಗಳಿವೆ. ಆದರೂ ಸರಳು ನಿನ್ನ ಕೈಯಲ್ಲಿರಲಿ.

ಮೂರನೆಯದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ತಾಲ್ಲೂಕು ಊರಿನಲ್ಲಿದ್ದೆ, ಊರಿನ ಹೆಸರು ಬೇಡ. ಏಪ್ರಿಲ್ ತಿಂಗಳು, ರಾತ್ರಿ ಎರಡು ಗಂಟೆಗೆ ದೊಡ್ಡ ಪೈಪು ಒಡೆಯಿತು. ನೀರು ಒಂದು ಆಳು ಎತ್ತರ ಚಿಮ್ಮುತ್ತಿತ್ತು. ಮುಚ್ಚಬೇಕೆಂದರೆ ವಾಲ್ವ್ ಸಿಗುತ್ತಿಲ್ಲ! ಹಿಂದಿನ ತಿಂಗಳು ಹೊಸ ರಸ್ತೆ ಹಾಕಿದವರು ಚೇಂಬರಿನ ಮುಚ್ಚಳದ ಮೇಲೆಯೇ ಡಾಂಬರು ಬಳಿದು ಹೋಗಿದ್ದರು. ಆ ಲೈನಿನ ವಾಲ್ವ್‌ಮನ್ ಜನವರಿಯಲ್ಲಿ ನಿವೃತ್ತರಾಗಿದ್ದರು. ನಕ್ಷೆ ಅವರ ತಲೆಯಲ್ಲಿತ್ತು, ಕಚೇರಿಯಲ್ಲಿರಲಿಲ್ಲ. ಅವರನ್ನು ಮನೆಯಿಂದ ಎಬ್ಬಿಸಿ ತಂದೆವು. ಟಾರ್ಚಿನ ಬೆಳಕಿನಲ್ಲಿ ಒಂದು ಬೇವಿನ ಮರವನ್ನೂ ಒಂದು ಹಿಟ್ಟಿನ ಗಿರಣಿಯ ಮೂಲೆಯನ್ನೂ ನೋಡಿ, ಹೆಜ್ಜೆ ಎಣಿಸಿ, "ಇಲ್ಲಿ ಅಗೆಯಿರಿ" ಎಂದರು. ಎರಡಡಿ ಅತ್ತಿತ್ತ ಆಗಲಿಲ್ಲ. ಅಷ್ಟರಲ್ಲಿ ಬೆಳಗಿನ ಆರು ಗಂಟೆ, ಟಾಕಿ ಖಾಲಿ. ಆ ವಾರ ಕೊಡ ಹಿಡಿದು ನಿಂತ ಹೆಣ್ಣುಮಕ್ಕಳ ಮುಖ ನಾನು ಮರೆತಿಲ್ಲ.

ಆದ್ದರಿಂದ ಕೆಲಸಕ್ಕೆ ಸೇರಿದ ಮೊದಲ ವಾರವೇ ಊರಿನ ಹಳೆಯ ವಾಲ್ವ್‌ಮನ್ ಯಾರೆಂದು ಕೇಳಿ ಅವರ ಮನೆಗೆ ಹೋಗು. ಕಾಕಾ ಎಂದು ಕರೆದು, ಚಹಾ ಕುಡಿದು, ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಲೈನು ಪೂರ್ತಿ ತಿರುಗು. ಅವರು ಬೆರಳು ತೋರಿಸಿದ ಪ್ರತಿ ಚೇಂಬರನ್ನೂ ಎರಡು ಗುರುತಿನಿಂದ ಅಳೆದು ಬರೆದುಕೋ: ಯಾವ ಕಂಬದಿಂದ ಎಷ್ಟು ಮೀಟರು, ಯಾವ ಮನೆಯ ಮೂಲೆಯಿಂದ ಎಷ್ಟು. ಮರವನ್ನು ಗುರುತು ಮಾಡಬೇಡ, ಕಡಿಯುತ್ತಾರೆ. ಮೊಬೈಲಿನಲ್ಲಿ ಫೋಟೊ ತೆಗೆ, ಆದರೆ ಕಾಗದದ ಮೇಲೂ ಬರೆ. ರಸ್ತೆ ಕೆಲಸದವರು ಬಂದ ದಿನ ಹಳದಿ ಬಣ್ಣದ ಡಬ್ಬಿ ಹಿಡಿದು ಅವರ ಮುಂದೆಯೇ ನಡೆ. ನಕ್ಷೆ ಮುಗಿದ ಮೇಲೆ ಒಂದು ಪ್ರತಿ ಕಚೇರಿಗೆ ಕೊಡು, ಒಂದನ್ನು ಆ ಕಾಕಾನ ಮನೆಗೆ ಕೊಡು, ಒಂದನ್ನು ಈ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಕಳಿಸು. ಮಳೆಗಾಲಕ್ಕೆ ಮೊದಲು ಕಳಿಸಿದರೆ, ನಾನೇ ಬಂದು ನಿನ್ನ ಜೊತೆ ಒಂದು ಸಲ ಲೈನು ನಡೆದು ನೋಡುತ್ತೇನೆ.